ಉಪ್ಪಿನ ಗಾಡಿಗಳ ಕಟ್ಟಪ್ಪಣೆ

“ಗುರುಗಳೇ, ನನ್ನ ಹೊಲಿಗೆ ಕಾರ್ಖಾನೆಯ ಜನ ತಮ್ಮತಮ್ಮಲ್ಲೇ ಒಂದು ವಾಟ್ಸ್ಯಾಪ್ ಗುಂಪು ಮಾಡಿಕೊಂಡಿದ್ದಾರೆ. ಬಟ್ಟೆ ಕತ್ತರಿಸುವವರು ಹೊಲಿಯುವವರಿಗೆ ಹೇಳುವುದೆಲ್ಲ ಈಗ ಅದರಲ್ಲೇ. ಅದನ್ನು ನಿಲ್ಲಿಸಲೇ, ಬಿಡಲೇ?” ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಹನ್ನೆರಡು ಗಾಡಿಗಳ ಧಣಿ. ಮೊದಲ ಗಾಡಿಯಲ್ಲಿ ತಾನೇ ಕೂರುತ್ತಿದ್ದ. ದಾರಿಯಲ್ಲಿ ಯಾರು ಏನು ಕಂಡರೂ ತನಗೆ ಹೇಳಬೇಕು, ಉಳಿದವರಿಗೆ ಹೇಳುವವನು ತಾನು ಎಂಬುದು ಅವನ ಕಟ್ಟಪ್ಪಣೆ. ಆಳುಗಳು ಮಾತಿಗಿಳಿದರೆ ಕೆಲಸ ಕೆಡುತ್ತದೆ ಎಂದು ಅವನು ನಂಬಿದ್ದ. ಮುಂದಿನ ಗಾಡಿಯವನನ್ನು ಕೂಗಿ ಮಾತನಾಡಿಸಿದ ತಪ್ಪಿಗೆ ಒಬ್ಬನನ್ನು ಕೆಲಸದಿಂದ ಬಿಡಿಸಿಯೂ ಇದ್ದ.

ಒಮ್ಮೆ ಹೊಳೆ ದಾಟಬೇಕಾಯಿತು. ಧಣಿಯ ಗಾಡಿ ಆಚೆ ದಡ ಸೇರಿತು. ಮೂರು ಗಾಡಿಗಳು ನಡುನೀರಿನಲ್ಲಿದ್ದವು. ಕೊನೆಯ ಗಾಡಿಯವನು ಈಚೆ ದಡದ ಏರಿನ ಮೇಲಿದ್ದ. ಮೇಲಿನ ತಿರುವಿನಲ್ಲಿ ಕೆಂಪು ನೀರು ನುಗ್ಗಿ ಬರುವುದು ಅವನೊಬ್ಬನಿಗೇ ಕಂಡಿತು. “ಧಣೀ! ಧಣೀ!” ಎಂದು ಕೂಗಿದ. ಹೊಳೆಯ ಸದ್ದಿನಲ್ಲಿ ಅದು ಆಚೆಗೆ ಕೇಳಲಿಲ್ಲ. ನೆರೆ ಬಂದು ಬಡಿಯಿತು. ನಡುನೀರಿನಲ್ಲಿದ್ದ ಆಳುಗಳು ಎತ್ತುಗಳ ಕೊರಳಹಗ್ಗ ಕೊಯ್ದು, ಅವುಗಳ ಜೊತೆ ಈಜಿ ಜೀವ ಉಳಿಸಿಕೊಂಡರು. ಮೂರು ಗಾಡಿ ಉಪ್ಪು ನೀರಾಯಿತು.

ನೆರೆ ಇಳಿದ ಮೇಲೆ ವ್ಯಾಪಾರಿ ಕೊನೆಯ ಗಾಡಿಯವನನ್ನು ಕರೆಸಿದ. “ಕಣ್ಣಾರೆ ಕಂಡೂ ನೀರಿನಲ್ಲಿದ್ದವರಿಗೆ ಯಾಕೆ ಹೇಳಲಿಲ್ಲ?”

“ನಿಮಗೇ ಹೇಳಬೇಕು ಅಂದಿದ್ದಿರಿ ಧಣಿ. ನೀವು ಆಚೆ ದಡದಲ್ಲಿದ್ದಿರಿ.”

ವ್ಯಾಪಾರಿ ಅಲ್ಲೇ, ಆ ಕೆಸರಿನಲ್ಲೇ ಎಲ್ಲರನ್ನೂ ನಿಲ್ಲಿಸಿ ಹೇಳಿದ: “ಇನ್ನು ಕಂಡವನು ಕಂಡ ಕೂಡಲೇ ಪಕ್ಕದವನಿಗೆ ಹೇಳಲಿ.” ಕೆಲಸದಿಂದ ಬಿಡಿಸಿದ್ದವನ ಮನೆಗೂ ತಾನೇ ಹೋಗಿ ಅವನನ್ನು ಕರೆತಂದ.

ಆಳುಗಳು ದಾರಿಯುದ್ದಕ್ಕೂ ಮಾತಾಡಿದರು. ಹಾಡಿದರು. ಧಣಿಯ ಹೊಟ್ಟೆಯನ್ನೂ ಆಡಿಕೊಂಡು ನಕ್ಕರು. ಅವನ ಕಿವಿಗೂ ಬಿತ್ತು. ಹಲ್ಲು ಕಚ್ಚಿ ಕೂತ, ಹೊಸ ಅಪ್ಪಣೆಯನ್ನು ಹಿಂದೆಗೆಯಲಿಲ್ಲ.

ಒಂದು ದಿನ ಕಾಡಿನ ಇಳಿಜಾರಿನಲ್ಲಿ ಆರನೆಯ ಗಾಡಿಯ ಅಚ್ಚು ಬಿರುಕು ಬಿಟ್ಟಿತು. ಹಿಂದಿನವನು ಕಂಡ, ಕೂಗಿದ. ಕೂಗು ಗಾಡಿಯಿಂದ ಗಾಡಿಗೆ ದಾಟಿತು. ಧಣಿ ತಿರುಗಿ ನೋಡುವಷ್ಟರಲ್ಲಿ ಎಲ್ಲ ಗಾಡಿಗಳೂ ನಿಂತಿದ್ದವು, ನಾಲ್ವರು ಉಪ್ಪಿನ ಮೂಟೆ ಇಳಿಸುತ್ತಿದ್ದರು. ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಗದರಲು ಬಾಯಿ ತೆರೆದವನು ಮುಚ್ಚಿದ. ಕೆಳಗಿಳಿದು ಬಂದು ತಾನೂ ಒಂದು ಮೂಟೆಗೆ ಹೆಗಲು ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಒಪ್ಪಲಿಲ್ಲ. “ಅದು ಗಾಡಿಯ ಮಾತಾಯಿತು, ಗುರುಗಳೇ. ನನ್ನವರು ಗುಂಪಿನಲ್ಲಿ ಹರಟೆಯನ್ನೂ ಹೊಡೆಯುತ್ತಾರೆ. ಕೆಲಸ ಕೆಟ್ಟೀತು ಎಂದೇ ನನ್ನ ಭಯ.”

“ಕೆಲಸ ಕೆಟ್ಟೀತೆಂದೋ ಮುರಿಗೆಪ್ಪ, ನೀನಿಲ್ಲದೆಯೂ ನಡೆದೀತೆಂದೋ?” ಎಂದರು ಗುರುಗಳು.