ಅಜ್ಜಾರ ಬೆಸುಗೆ

ಮಂತ್ರೋಪದೇಶ ಬೇಕೆಂದು ಬಂದ ಫಕೀರವ್ವನ ಕೈಗೆ ಗುರು ಅಡವೆಯ್ಯ ಅಜ್ಜಾರು ಕಬ್ಬಿಣ ತಿಕ್ಕುವ ಗ್ರೈಂಡರ್ ಕೊಟ್ಟಿದ್ದರು. ಹೊಳೆದಂಡೆಯ ಆ ಮಠದಲ್ಲಿ ಜಪಕ್ಕಿಂತ ಕಬ್ಬಿಣದ ಸದ್ದೇ ಹೆಚ್ಚು.

ಹೊಳೆ ದಾಟುವವರಿಗೆ ದೋಣಿ ಮಾಡಿಕೊಡುವುದೇ ಮಠದ ಸೇವೆ. ಅದಕ್ಕೆಂದೇ ಸಾಹುಕಾರ ಈರಪ್ಪ ಎರಡು ಯಂತ್ರ ಕೊಡಿಸಿದ್ದ. ಒಂದು, ಹೇಳಿದ ಆಕಾರಕ್ಕೆ ಕಬ್ಬಿಣದ ಹಾಳೆಯನ್ನು ತಾನೇ ಕೊಯ್ಯುವ ಸಿಎನ್‌ಸಿ ಪ್ಲಾಸ್ಮಾ ಟೇಬಲ್ಲು. ಇನ್ನೊಂದು, ರಾಡು, ವೈರು, ಆರ್ಗನ್ ಮೂರೂ ಬಗೆಯ ಬೆಸುಗೆ ಹಾಕುವ ವೆಲ್ಡಿಂಗ್ ಮಶೀನು. ಕೊಡಿಸಿದ್ದನ್ನು ಈರಪ್ಪ ತಾನೂ ಮರೆಯಲಿಲ್ಲ, ಯಾರನ್ನೂ ಮರೆಯಗೊಡಲಿಲ್ಲ.

ಬಂದ ಹೊಸದರಲ್ಲಿ ಫಕೀರವ್ವ ಕೇಳಿದ್ದಳು. "ಅಜ್ಜಾರ, ಟೇಬಲ್ ಕೊಯ್ದ ಅಂಚು ಇಷ್ಟು ನುಣ್ಣಗೈತಿ. ಮತ್ಯಾಕ ತಿಕ್ಕಬೇಕ್ರಿ?"

"ನುಣ್ಣಗ ಕಾಣೂದನ್ನ ಮೊದಲ ತಿಕ್ಕು."

ಆಮೇಲೆ ಬಿಡಿಸಿ ಹೇಳಿದ್ದರು. ಕೊಯ್ಯುವಾಗ ಕಾದ ಅಂಚಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆ ಪದರ ತಿಕ್ಕಿ ತೆಗೆಯದೆ ಬೆಸೆದರೆ ಬೆಸುಗೆಯೊಳಗೆ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ.

ಫಕೀರವ್ವ ಅದನ್ನೇ ಮಂತ್ರವೆಂದುಕೊಂಡಳು.

ಹೊಸ ದೋಣಿ ನೀರಿಗಿಳಿಯುವ ದಿನ ಬಂತು. ದಂಡೆಯಲ್ಲಿ ಬಾಜಾಬಜಂತ್ರಿ ಸಜ್ಜಾಗಿತ್ತು. ಈರಪ್ಪ ಹೊಸ ರುಮಾಲು ಸುತ್ತಿಕೊಂಡು ಮುಹೂರ್ತ ಕಾಯುತ್ತಿದ್ದ. ದೋಣಿಯ ಬಲಗಡೆಯ ಬೆಸುಗೆ ಫಕೀರವ್ವನದು, ಎಡಗಡೆಯದು ಅಜ್ಜಾರದು.

ಅವಳು ಹೊರಮೈಗೆ ಸುಣ್ಣದ ಪುಡಿ ಬಳಿದು, ಒಳಗಿನಿಂದ ಬೆಸುಗೆಯುದ್ದಕ್ಕೂ ಸೀಮೆಎಣ್ಣೆ ಹಚ್ಚಿದಳು. ತೂತಿದ್ದರೆ ಎಣ್ಣೆ ಹೊರಗೆ ಬಂದು ಸುಣ್ಣ ನೆನೆಯುತ್ತದೆ.

ಬಲಗಡೆ ಬೆಳ್ಳಗೇ ಉಳಿಯಿತು. ಎಡಗಡೆ ಒಂದು ಕಲೆ ಮೂಡಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಸಾಲಿಗೆ ಸಾಲೇ ನೆನೆಯಿತು.

ಅವಳು ಅಜ್ಜಾರ ಕಡೆ ತಿರುಗಿದಳು.

"ಅಜ್ಜಾರ, ಈ ಅಂಚು ತಿಕ್ಕಿದ್ರಿಲ್ಲೋ?"

ಅಜ್ಜಾರು ಹೊಳೆಯ ಕಡೆ ನೋಡಿದರು. "ಈರಪ್ಪ ಅವಸರ ಮಾಡಿದ. ಬಣ್ಣ ಬಳಿ, ಮುಚ್ಚಿ ಹೋಗತೈತಿ."

"ಬಣ್ಣ ಎಷ್ಟು ದಿನ ನೀರು ತಡದೀತ್ರಿ?"

"ಗುರು ಹೇಳಾಕತ್ತೀನಿ, ಬಳಿ."

ಫಕೀರವ್ವನಿಗೆ ಸಿಟ್ಟು ಬಂತು. ಗುರುವಿನ ಮೇಲೆ ಸಿಟ್ಟು ಬಂದದ್ದಕ್ಕೆ ಹೆದರಿಕೆಯೂ ಆಯಿತು. ಆದರೂ ಬಾಯಿ ನಿಲ್ಲಲಿಲ್ಲ.

"ಬೆಸದಾಂವ ಗುರುನೋ ಶಿಷ್ಯನೋ ಅಂತ ನೀರು ಕೇಳಂಗಿಲ್ರಿ. ನಾಳಿಂದ ಇದರಾಗ ಬಾಣಂತ್ಯಾರು ಕೂಡತಾರ, ಸಾಲಿ ಹುಡುಗೂರು ಕೂಡತಾವು. ನಾ ಬಳ್ಯಂಗಿಲ್ಲ."

ಈರಪ್ಪ ಧಾವಿಸಿ ಬಂದ. "ಏ ಹುಡುಗಿ! ಅಜ್ಜಾರ ಕೆಲಸದಾಗ ಹುಳುಕು ಹುಡುಕ್ತಿ? ಈ ಯಂತ್ರ ಕೊಡಿಸಿದಾಂವ ನಾನು!"

"ಯಂತ್ರ ನೀವು ಕೊಡಿಸಿರಿ ಖರೆ ಸಾಹುಕಾರ್ರ. ತೂತು ನೀವು ಕೊಡಿಸಿಲ್ಲಲ್ಲ, ಮುಚ್ಚಾಕ ಬಿಡ್ರಿ."

ಬಾಜಾದವರಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಾರು ನಗಲಿಲ್ಲ.

"ಫಕೀರವ್ವ, ಆ ಬೆಸುಗಿಗೆ ಗ್ರೈಂಡರ್ ಹಚ್ಚಿದಿ ಅಂದ್ರ ಈ ಮಠದಾಗ ನಿನಗ ಜಾಗಿಲ್ಲ."

ಅವಳಿಗೆ ಮಠ ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ತವರು ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಈ ಮುದುಕನಷ್ಟು ಅವಳು ಭೂಮಿಯ ಮೇಲೆ ಯಾರನ್ನೂ ನಂಬಿರಲಿಲ್ಲ.

"ಆಗ್ಲಿ ಬಿಡ್ರಿ ಅಜ್ಜಾರ. ಇದೊಂದು ಮುಗಿಸಿ ಹೊಂಡತೀನಿ."

ಸೀಮೆಎಣ್ಣೆಯನ್ನೆಲ್ಲ ಒರೆಸಿ ತೆಗೆದು ಗ್ರೈಂಡರ್ ಹಚ್ಚಿದಳು. ಊರೂರಿನವರು ಬಂದು ಬೆರಗಾಗಿ ಸವರಿ ನೋಡುತ್ತಿದ್ದ ಅಜ್ಜಾರ ಬೆಸುಗೆ ಕಿಡಿಕಿಡಿಯಾಗಿ ಹಾರಿತು. ಕಣ್ಣ ಮುಂದೆ ಕನ್ನಡಕವಿತ್ತು, ಅದರ ಹಿಂದೆ ಅವಳು ಅಳುತ್ತಿದ್ದಳು.

ಮುಹೂರ್ತ ಮೀರಿತು. ಈರಪ್ಪ ಬೈಯುತ್ತ ಹೋದ. ಬಾಜಾದವರು ಡೊಳ್ಳು ಹೆಗಲಿಗೇರಿಸಿ ಊಟಕ್ಕೆ ನಡೆದರು. ಅವಳು ಅಂಚುಗಳನ್ನು ಕಬ್ಬಿಣದ ಬರಿ ಮೈ ಕಾಣುವವರೆಗೆ ತಿಕ್ಕಿದಳು. ಮಶೀನನ್ನು ವೈರ್ ಬೆಸುಗೆಗೆ ತಿರುಗಿಸಿ, ಅವಸರವಿಲ್ಲದೆ, ಈ ತುದಿಯಿಂದ ಆ ತುದಿಯವರೆಗೆ ಬೆಸೆದಳು.

ಮತ್ತೆ ಸುಣ್ಣ ಬಳಿದಳು, ಮತ್ತೆ ಎಣ್ಣೆ ಹಚ್ಚಿದಳು. ಕೂತು ಕಾದಳು. ಸುಣ್ಣ ಬೆಳ್ಳಗೇ ಇತ್ತು.

ಮುಖಕ್ಕೆ ಹಿಡಿಯುವ ವೆಲ್ಡಿಂಗ್ ಶೀಲ್ಡನ್ನೂ ಕೈಗವಸುಗಳನ್ನೂ ಅಜ್ಜಾರ ಪಾದದ ಬಳಿ ಇಟ್ಟು ನಮಸ್ಕರಿಸಿದಳು.

"ಬರ್ತೀನ್ರಿ ಅಜ್ಜಾರ. ತಪ್ಪಾತು ಅನ್ನಂಗಿಲ್ಲ ನಾನು."

ಅಜ್ಜಾರು ಎದ್ದು ದೋಣಿಯ ಎಡಮೈಯನ್ನು ಬಗ್ಗಿ ನೋಡಿದರು. ಹೊಸ ಬೆಸುಗೆಯ ಮೇಲೆ ಬೆರಳಾಡಿಸುತ್ತ ತುದಿಯವರೆಗೂ ಹೋಗಿ ಬಂದರು. ಶೀಲ್ಡ್ ಎತ್ತಿ, ಅದರ ಧೂಳನ್ನು ತಮ್ಮ ಕಾವಿ ಶಲ್ಯದ ಸೆರಗಿನಲ್ಲೇ ಒರೆಸಿ, ಅವಳ ಕೈಗಿಟ್ಟರು.

"ಮ್ಯಾಲಿನ ಊರಾಗ ಹ್ವಾದ ವರ್ಷ ನಾ ಬೆಸದ ದೋಣಿ ಐತಿ. ಮಂದಿ ದಿನಾ ದಾಟಾಕತ್ತಾರ. ನಡಿ ಮಗಳ, ಮೊದಲ ಅದನ್ನ ದಂಡಿಗೆ ಎಳಿಯೂಣು."