ಒಂಟಿ ಕೊಂಬು

"ಗುರುಗಳೇ, ಊರಿಗೆ ಊರೇ ದೊಡ್ಡ ಕಂಪನಿಯ ಜಾಲತಾಣಕ್ಕೆ ಬಿದ್ದಿದೆ. ನಾನು ಮಾತ್ರ ಮುಕ್ತ ತಂತ್ರಾಂಶ ತಂದು, ನನ್ನದೇ ಸರ್ವರಿನಲ್ಲಿ ನನ್ನದೇ ಜಾಲತಾಣ ಕಟ್ಟಿಕೊಂಡಿದ್ದೇನೆ. ಯಾರ ಹಂಗೂ ನನಗಿಲ್ಲ. ಇಷ್ಟು ಸಾಲದೇ?" ಎಂದು ಶಿಷ್ಯ ಎದೆಯುಬ್ಬಿಸಿ ಕೇಳಿದ.

ಗುರು ಒಂದು ಕತೆ ಹೇಳಿದರು.

ಹೊಳೆಯೊಂದರ ಮಗ್ಗುಲಿಗೆ ಸಾಲುಗುಡ್ಡಗಳಿದ್ದವು. ಗುಡ್ಡಕ್ಕೊಂದು ಕುರಿಗಾರರ ಹಟ್ಟಿ. ಹಟ್ಟಿಗೊಂದು ಊದುವ ಕೊಂಬು. ಕೋಣನ ಕೊಂಬನ್ನು ಕೊರೆದು ಅದನ್ನು ಮಾಡುವ ಬಗೆಯನ್ನು ಅಲ್ಲಿ ಯಾರೂ ಬಚ್ಚಿಡುತ್ತಿರಲಿಲ್ಲ. ಒಬ್ಬ ತೂತನ್ನು ಎಳೆಯಷ್ಟು ಸರಿಸಿ ದನಿ ಹೆಚ್ಚಿಸಿದರೆ, ನೋಡನೋಡುತ್ತ ಎಲ್ಲರ ಕೊಂಬಿನ ತೂತೂ ಸರಿಯುತ್ತಿತ್ತು. ತೋಳ ಬಂದರೆ ಒಂದು ಕೂಗು, ಸಾವಾದರೆ ಒಂದು ಕೂಗು, ಹೊಳೆ ಏರಿದರೆ ಒಂದು ಕೂಗು. ಕೇಳಿದವನು ಕೈಯ ತುತ್ತನ್ನು ಬಾಯಿಗಿಡದೆ ಎದ್ದು, ತಾನೂ ಊದಿ ಮುಂದಿನ ಗುಡ್ಡಕ್ಕೆ ದಾಟಿಸಬೇಕು. ಅದು ಕಟ್ಟಳೆ.

ಒಬ್ಬ ವರ್ತಕ ಬಂದು ನಡುಗುಡ್ಡದ ಮೇಲೆ ದೊಡ್ಡ ನಗಾರಿ ಇಡಿಸಿದ. "ಇನ್ನು ನಿಮಗೇಕೆ ಕೆನ್ನೆ ನೋವು? ನಿಮ್ಮ ಸುದ್ದಿಯನ್ನು ನಮ್ಮ ಆಳೇ ಬಡಿದು ತಿಳಿಸುತ್ತಾನೆ. ಬಿಟ್ಟಿ!" ಎಂದ. ಜನ ಹೊಸ ಬಡಿತ ಕಲಿತರು, ಹಳೆಯ ಕೂಗು ಮರೆತರು. ಕೊಂಬುಗಳಲ್ಲಿ ಉಪ್ಪು ತುಂಬಿಟ್ಟರು. ಬರಬರುತ್ತಾ ನಗಾರಿ ಬಡಿದದ್ದೆಲ್ಲ ವರ್ತಕನ ಸರಕಿನ ಸುದ್ದಿಯೇ. ಯಾಕೆಂದು ಯಾರೂ ಕೇಳಲಿಲ್ಲ.

ಮೇಲುಗುಡ್ಡದ ಕುರಿಗಾರನೊಬ್ಬ ಮಾತ್ರ ಕೊಂಬು ಬಿಡಲಿಲ್ಲ. ದಿನಾ ಎಣ್ಣೆ ಹಚ್ಚಿ ಒರೆಸುತ್ತಿದ್ದ. ತನ್ನಂಥ ಗಂಡು ಸುತ್ತಲ ಗುಡ್ಡಗಳಲ್ಲೇ ಇಲ್ಲವೆಂದು ಮೀಸೆ ತಿರುವುತ್ತಿದ್ದ. ಹೊಳೆದಂಡೆಯ ಹಟ್ಟಿಗೆ ಕೊಟ್ಟಿದ್ದ ಅವನ ತಂಗಿ ಒಮ್ಮೆ ಏರಿ ಬಂದಳು.

"ಅಣ್ಣಾ, ನಮ್ಮನೆ ಕೊಂಬು ಸೀಳಿಹೋಯ್ತು. ಮಕ್ಕಳಿಗೆ ನೀನಾದರೂ ಕೂಗು ಕಲಿಸೋ."

"ನಗಾರಿಗೆ ಕುಣಿಯೋ ಮಕ್ಕಳಿಗೆ ಕೊಂಬು ಯಾಕವ್ವಾ? ಹೋಗು, ನಿನ್ನ ವರ್ತಕನ್ನೇ ಕೇಳು."

ತಂಗಿ ಗುಡ್ಡ ಇಳಿದು ಹೋದಳು. ಅವನಿಗೆ ಗೆದ್ದಂತಾಯಿತು.

ಮಳೆಗಾಲದ ಒಂದು ಮಧ್ಯಾಹ್ನ ಹೊಳೆ ಕೆಂಪಾಗಿ ಉಬ್ಬಿ ಬರುವುದನ್ನು ಅವನು ಮೇಲಿನಿಂದ ಕಂಡ. ಕೊಂಬೆತ್ತಿ ಊದಿದ. ಕತ್ತಿನ ನರ ಹರಿಯುವಂತೆ ಊದಿದ. ನಡುಗುಡ್ಡದವರು ಉಣ್ಣುತ್ತಿದ್ದರು. "ಅಗೋ, ಒಂಟಿ ಕೊಂಬಿನವನಿಗೆ ಹುರುಪು ಬಂತು" ಎಂದು ನಕ್ಕು ಮತ್ತೆ ಗಂಗಳಕ್ಕೆ ಕೈಹಾಕಿದರು. ಯಾರೂ ದಾಟಿಸಲಿಲ್ಲ. ಅವನು ಓಡಿ ಹೋಗಿ ನಗಾರಿಯ ಆಳಿನ ಕಾಲು ಹಿಡಿದ. "ನೀನು ನಮ್ಮ ಕಡೆಯವನಲ್ಲವಲ್ಲಪ್ಪಾ, ಧಣಿಯ ಅಪ್ಪಣೆ ಬೇಕು" ಎಂದ ಆಳು. ಧಣಿ ಪರವೂರಲ್ಲಿದ್ದ.

ಕುರಿಗಾರ ಹೊಳೆದಂಡೆ ಮುಟ್ಟುವ ಹೊತ್ತಿಗೆ ತಂಗಿಯ ಹಟ್ಟಿಯೇ ಇರಲಿಲ್ಲ. ಸೊಪ್ಪು ತರಲು ದಿಬ್ಬ ಹತ್ತಿದ್ದ ತಂಗಿ ಒಬ್ಬಳೇ ಉಳಿದಿದ್ದಳು. ಅವಳು ಅಳುತ್ತಿರಲಿಲ್ಲ.

"ದಿಬ್ಬದಿಂದ ನಾನೂ ಕೂಗಿದೆ ಅಣ್ಣಾ. ನನ್ನ ದನಿ ಮುಟ್ಟಲಿಲ್ಲ, ನಿನ್ನ ಕೊಂಬು ಮುಟ್ಟಿತು. ಮಕ್ಕಳು ಹೊಸ್ತಿಲಿಗೆ ಬಂದು ಕೂತು ಕೇಳಿದವು. ಚಪ್ಪಾಳೆ ತಟ್ಟಿದವು."

ಗುರು ನಿಲ್ಲಿಸಿದರು.

"ಎಲ್ಲ ಆ ವರ್ತಕನ ಪಾಪ, ಗುರುಗಳೇ" ಎಂದ ಶಿಷ್ಯ.

"ವರ್ತಕನಿಗೆ ಆ ಮಕ್ಕಳು ಏನೂ ಆಗಬೇಕಿರಲಿಲ್ಲ" ಎಂದರು ಗುರು.