ಬೆಳ್ಳಿ ಗಡಿಗೆಯ ಹೆಪ್ಪು

ಕಲ್ಲುದುರ್ಗದ ದೊರೆ ಬೊಮ್ಮನಾಯಕ ಮೀಸೆ ತಿರುವಿದನೆಂದರೆ ಊರಿಗೆ ಏನೋ ಫಜೀತಿ ಕಾದಿದೆ ಎಂದೇ ಅರ್ಥ.

“ನಮ್ಮ ಜಾಣರ ಮಠದಂಥದ್ದು ಐವತ್ತಾರು ದೇಶದಲ್ಲಿಲ್ಲ! ಊರಿನ ಮಕ್ಕಳನ್ನೆಲ್ಲ ಜರಡಿ ಹಿಡಿದು ಹನ್ನೆರಡು ಜಾಣರನ್ನು ಆರಿಸಿ ನಾಲ್ಕು ತಿಂಗಳಾಯಿತು. ತಲೆಗೆ ಜರಿಪೇಟ, ಅರಮನೆಯಲ್ಲೇ ವಾಸ. ದಡ್ಡರ ಗಾಳಿ ಸೋಕುವ ಹಾಗಿಲ್ಲ. ಏನಂತೀಯೋ ಕೊಟ್ರಾ?”

ಆಸ್ಥಾನದ ವಿದೂಷಕ ಕೊಟ್ರನನ್ನು ಮಾತಿನಲ್ಲಿ ಮಣಿಸುವ ಗಂಡು ಸುತ್ತ ಏಳು ಸೀಮೆಯಲ್ಲಿ ಹುಟ್ಟಿರಲಿಲ್ಲ. ಹಾಗಂತ ಅವನೇ ಎಲ್ಲರಿಗೂ ಹೇಳುತ್ತಿದ್ದ. ಅಂಥವನೂ ಅಂದು ಮಾತು ತೂಗಿ ಆಡಬೇಕಾಯಿತು. ಆ ಹನ್ನೆರಡರಲ್ಲಿ ಅವನ ಮಗಳು ನೀಲವ್ವನೂ ಒಬ್ಬಳು.

ಹಿಂದಿನ ದಿನ ಅವಳನ್ನು ನೋಡಲು ಹೋಗಿದ್ದ. “ಊಟ ಆಯ್ತೇನವ್ವಾ?” ಅಂದರೆ ಹುಡುಗಿ ಬೆವರಿದಳು.

“ಯೋಚಿಸಿ ಹೇಳ್ತೀನಪ್ಪಾ. ಉತ್ತರ ತಪ್ಪಾದರೆ ಪಂಡಿತರು ಪೇಟ ಕಿತ್ಕೋತಾರೆ.”

ಬರುವ ದಾರಿಯಲ್ಲಿ ಊರಮಠದಲ್ಲಿ ಓದುವ ಮಿಕ್ಕ ಮಕ್ಕಳು ಗೋಲಿ ಆಡುತ್ತಿದ್ದವು. “ಎರಡೂ ಎರಡೂ ಎಷ್ಟ್ರೋ?” ಅಂದ.

“ಅದನ್ನ ಜಾಣರನ್ನ ಕೇಳು ಮಾವಾ. ನಾವು ಜರಡೀಲಿ ಉಳಿದವರು!”

ಅದೆಲ್ಲ ನುಂಗಿಕೊಂಡು ಕೊಟ್ರ ಈಗ ಕೈ ಮುಗಿದ. “ಭೇಷ್ ಮಹಾಸ್ವಾಮಿ! ಇದೇ ಉಪಾಯ ಮೊಸರಿಗೂ ಹೂಡೋಣ. ಮನೆಮನೆಯ ಹೆಪ್ಪನ್ನೂ ತರಿಸಿ ಒಂದೇ ಬೆಳ್ಳಿ ಗಡಿಗೆಯಲ್ಲಿ ಇಡೋಣ. ಸಾದಾ ಹಾಲಿನ ಹನಿಯೂ ಸೋಕದ ಹಾಗೆ ಬಾಯಿ ಕಟ್ಟಿ ಮೊಹರು ಹಾಕೋಣ. ನಾಲ್ಕು ದಿನದಲ್ಲಿ ದೇವಲೋಕದ ಮೊಸರು!”

ದೊರೆಗೆ ಮೊಸರನ್ನವೆಂದರೆ ಪ್ರಾಣ. ಡಂಗುರ ಸಾರಿಸಿಯೇಬಿಟ್ಟ. ಹೆಂಗಸರು ಶಾಪ ಹಾಕುತ್ತಾ ಹೆಪ್ಪು ತಂದು ಸುರಿದರು. ಅರಮನೆಯ ಅಡುಗೆಯವನ ಬಟ್ಟಲೂ ಬರಿದಾಯಿತು.

ಮರುದಿನದಿಂದ ಊರಲ್ಲಿ ಮಜ್ಜಿಗೆ ಇಲ್ಲ. ಹೆಪ್ಪಿಗೊಂದು ಚಮಚ ಕೊಡಿ ಎಂದು ಪಕ್ಕದ ಮನೆಗೆ ಹೋದರೆ ಅವರೂ ಬಟ್ಟಲು ಹಿಡಿದು ಇವರ ಮನೆಗೇ ಹೊರಟಿರುತ್ತಿದ್ದರು. ಹಾಲು ಮಾತ್ರ ಮನೆಮನೆಯಲ್ಲಿ ಒಡೆದು ಹಾಳಾಗುತ್ತಿತ್ತು.

ನಾಲ್ಕನೆಯ ದಿನ ಊಟಕ್ಕೆ ಕೂತ ದೊರೆ ಗಡಿಗೆ ತರಿಸಿದ. ಮೊಹರು ಒಡೆದದ್ದೇ ತಡ, ಕಾವಲುಗಾರರು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ದೊರೆ ಒಂದು ಬೆರಳು ನೆಕ್ಕಿದ. ಹುಳಿಗೆ ಮೀಸೆಯೇ ನೆಟ್ಟಗಾಯಿತು.

“ಲೋ ಮಂಕೇ! ಹೆಪ್ಪಿನ ಜೊತೆ ಹೆಪ್ಪು ಇಟ್ಟರೆ ಮೊಸರಾಗುತ್ತೇನೋ? ಹೆಪ್ಪಿರೋದು ಹಾಲಿಗೆ ಬೀಳೋಕೆ. ಇಲ್ಲಿ ಹೆಪ್ಪೂ ಕೆಟ್ಟಿತು, ಅಲ್ಲಿ ಹಾಲೂ ಕೆಟ್ಟಿತು! ಊರಿಂದ ತಂದು ಕೂಡಿಹಾಕಿದ್ದನ್ನೆಲ್ಲ ಈಗಲೇ ಅವರವರ ಮನೆಗೆ ಕಳಿಸು!”

“ಅಪ್ಪಣೆ!” ಎಂದವನೇ ಕೊಟ್ರ ಓಡಿಹೋಗಿ ಜಾಣರ ಮಠದ ಬಾಗಿಲು ತೆರೆದ. “ದೊರೆಗಳ ಅಪ್ಪಣೆಯಾಗಿದೆ, ಮನೆಗೆ ನಡೀರಿ ಮಕ್ಕಳೇ!”

ಹನ್ನೆರಡು ಪೇಟಗಳು ನೆಲಕ್ಕೆ ಬಿದ್ದವು. ಇಪ್ಪತ್ತನಾಲ್ಕು ಕಾಲು ಅಂಗಳ ದಾಟಿದವು. ಹಿಂದೆ ಪಂಡಿತರು “ಅಯ್ಯೋ, ಪಾಠ ಬಾಕಿ!” ಎಂದು ಓಡುತ್ತಿದ್ದರು.

ದೊರೆ ಎಂಜಲು ಕೈಯಲ್ಲೇ ಎದ್ದು ಬಂದ. “ನಾನು ಹೇಳಿದ್ದು ಹೆಪ್ಪಿನ ಮಾತು ಕಣೋ! ಮಕ್ಕಳನ್ನ ಯಾಕೋ ಬಿಟ್ಟೆ?”

“ಹೆಪ್ಪು ಹುಳಿಯಾಗೋಕೆ ನಾಲ್ಕು ದಿನ ಸಾಕಾಯಿತು ಮಹಾಸ್ವಾಮಿ. ಈ ಮಕ್ಕಳನ್ನ ಮುಚ್ಚಿಟ್ಟು ನಾಲ್ಕು ತಿಂಗಳಾಯಿತು.”

ದೊರೆ ಹೊರಗೆ ಕಣ್ಣು ಹಾಯಿಸಿದ. ಅಂಗಳದಾಚೆ ನೀಲವ್ವ ಆಗಲೇ ಗೋಲಿ ಹುಡುಗರ ನಡುವೆ ಕೂತು, “ಎರಡೂ ಎರಡೂ ಐದು!” ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದಳು. “ಥೂ, ನಾಲ್ಕು ಕಣೇ ದಡ್ಡೀ!” ಎಂದು ಹುಡುಗರೆಲ್ಲ ಒಟ್ಟಿಗೆ ಅರಚಿದರು.

ದೊರೆಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕ.

“ಗೆದ್ದೆ ಬಿಡೋ ಕೊಟ್ರಾ! ಮಠಕ್ಕೆ ಇವತ್ತೇ ಬೀಗ. ಆ ಬೆಳ್ಳಿ ಗಡಿಗೆ ನಿನಗೇ ಇನಾಮು, ತಗೊಂಡು ಹೋಗು. ಆದರೆ ಅದನ್ನ ತೊಳೆಯೋನೂ ನೀನೇ!”